ತೆರಿಗೆ ಸೊನ್ನೆಯಾದರೂ ಲೆಕ್ಕ ಇರಲಿ

ಮಣ್ಣಿನ ಕೆಲಸದಲ್ಲಿ ಸ್ವಂತ ದುಡಿಮೆ ಮಾಡುವವರಿಗೆ ಆದಾಯ ತೆರಿಗೆ, ಜಿಎಸ್‌ಟಿ ಕೈಪಿಡಿ

ಕುಂಬಾರರ ವರ್ಷ ಹಬ್ಬಹರಿದಿನಗಳ ಜೊತೆ ಸಾಗುತ್ತದೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ ನೀರಿನ ಮಡಕೆ, ಹೂಜಿ. ಮದುವೆಗಳಿಗೆ ಅರಿವೇಣಿ. ಆಷಾಢ ಬಂತೆಂದರೆ ಗೌರಿ–ಗಣೇಶನ ಮೂರ್ತಿ, ದಸರೆಗೆ ಬೊಂಬೆ, ದೀಪಾವಳಿಯಿಂದ ಕಾರ್ತಿಕ ಮುಗಿಯುವವರೆಗೆ ಹಣತೆ. ಸರ್ಕಾರದ ಲೆಕ್ಕದ ವರ್ಷಕ್ಕೆ ಈ ಹಬ್ಬಗಳ ಗೊಡವೆಯಿಲ್ಲ. ಅದು ಏಪ್ರಿಲ್ 1ಕ್ಕೆ ಶುರುವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಬೇಸಿಗೆ ಮಡಕೆಯ ವ್ಯಾಪಾರ ಭರದಲ್ಲಿರುವಾಗಲೇ ಹಳೆಯ ವರ್ಷದ ಲೆಕ್ಕ ಕಟ್ಟಬೇಕು. ರಿಟರ್ನ್ ಸಲ್ಲಿಸುವ ಗಡುವೋ, ಗಣಪತಿ ಕೆಲಸದಲ್ಲಿ ಕೈ ಬಿಡುವಿಲ್ಲದ ಹೊತ್ತಿಗೇ ಬರುತ್ತದೆ.

ಮೈಸೂರಿನಲ್ಲಿ ಮೇಟಗಳ್ಳಿ, ಹೆಬ್ಬಾಳಿನ ಮಗ್ಗುಲಲ್ಲಿರುವ ಕುಂಬಾರಕೊಪ್ಪಲೇ ಆಗಲಿ, ನಗರದ ಬೇರೆ ಯಾವ ಬಡಾವಣೆಯೇ ಆಗಲಿ, ಮಣ್ಣು ಹದ ಮಾಡಿ ಬದುಕುವವರಿಗಾಗಿ ಈ ಲೇಖನ. ಈಗಿನ ನಿಯಮಗಳಲ್ಲಿ ಸಣ್ಣ ಕುಶಲಕರ್ಮಿಗಳಲ್ಲಿ ಹೆಚ್ಚಿನವರು ಕಟ್ಟಬೇಕಾದ ಆದಾಯ ತೆರಿಗೆ ಸೊನ್ನೆ. ಮಡಕೆ, ಹಣತೆ, ಮಣ್ಣಿನ ಮೂರ್ತಿಗಳ ಮೇಲಿನ ಜಿಎಸ್‌ಟಿಯೂ ಸೊನ್ನೆ. ಆದರೆ ಯಾರಾದರೂ ಕೇಳಿದಾಗ ಆ ಸೊನ್ನೆಯನ್ನು ನಾವೇ ತೋರಿಸಿಕೊಡಬೇಕು. ಏನು ಮಾರಿದೆ, ಎಷ್ಟು ಬಂತು ಎಂದು ಬರೆದಿಟ್ಟವರಿಗೆ ಮಾತ್ರ ಅದು ಸಾಧ್ಯ.

2025ರ ಜುಲೈ ಕಲಿಸಿದ ಪಾಠ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಯವರು ಕಂಗಾಲಾದರು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ ₹1.63 ಕೋಟಿ ವಹಿವಾಟಿನ ಮೇಲೆ ಸುಮಾರು ₹29 ಲಕ್ಷ ತೆರಿಗೆ ಕೇಳಲಾಗಿತ್ತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವಿನಾಯಿತಿ ಇರುವ ಸರಕು ಮಾರುವವರಿಂದ ತೆರಿಗೆ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಸ್ಪಷ್ಟಪಡಿಸಿದ ಮೇಲೆ ಆತಂಕ ಇಳಿಯಿತು.

ತರಕಾರಿಯ ಹಾಗೆಯೇ ಮಣ್ಣಿನ ಮಡಕೆಗೂ ವಿನಾಯಿತಿ ಇದೆ. ಆದರೆ ಬ್ಯಾಂಕ್ ಖಾತೆಯಲ್ಲಿ ಕಾಣುವುದು ಮೊತ್ತ ಮಾತ್ರ. ಬಂದ ₹500 ಮಡಕೆಯದೋ, ಟೆರಾಕೋಟ ಗೋಡೆ ಅಲಂಕಾರದ್ದೋ, ಭಾವಮೈದುನ ವಾಪಸು ಕೊಟ್ಟ ಕೈಸಾಲವೋ, ಚೀಟಿ ಎತ್ತಿದ ದುಡ್ಡೋ ಎಂಬುದು ಅಲ್ಲಿ ಕಾಣಿಸುವುದಿಲ್ಲ. ನೋಟಿಸ್ ಭಯಕ್ಕೆ ಕ್ಯೂಆರ್ ಕೋಡ್ ಕಿತ್ತುಹಾಕಿ ನಗದಿಗೆ ಮರಳಿದರೆ ನಷ್ಟವೇ. ಡಿಜಿಟಲ್ ಹಣಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇದೆ. ಅದನ್ನು ಮುಂದೆ ನೋಡೋಣ.

ಮೊದಲ ಕೆಲಸ: ಒಂದು ಖಾತೆ, ಒಂದು ಪುಸ್ತಕ

ಪ್ಯಾನ್ ಇಲ್ಲದವರು ಮೊದಲು ಅದನ್ನು ಪಡೆಯಿರಿ. ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇ–ಪ್ಯಾನ್ ಉಚಿತವಾಗಿ ಸಿಗುತ್ತದೆ. ಆಮೇಲೆ ವ್ಯಾಪಾರಕ್ಕೆಂದೇ ಒಂದು ಬ್ಯಾಂಕ್ ಖಾತೆ ತೆರೆದು ಕ್ಯೂಆರ್ ಕೋಡನ್ನು ಅದಕ್ಕೇ ಜೋಡಿಸಿ. ಮನೆಯ ವ್ಯವಹಾರ, ಚೀಟಿ, ಕೈಸಾಲಗಳು ಈ ಖಾತೆಗೆ ಬರದಿರಲಿ.

ಮಣ್ಣಿನ ಕೆಲಸ ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು. ಒಬ್ಬರು ತಿಗರಿಯ ಮುಂದೆ ಕೂತರೆ ಇನ್ನೊಬ್ಬರು ಬಣ್ಣ ಬಳಿಯುತ್ತಾರೆ, ಮತ್ತೊಬ್ಬರು ಸಂತೆಗೆ ಹೋಗುತ್ತಾರೆ. ಹೀಗಾಗಿ ಕ್ಯೂಆರ್ ಕೋಡ್ ಹೆಂಡತಿ ಹೆಸರಲ್ಲಿ, ಸಾಲ ಗಂಡನ ಹೆಸರಲ್ಲಿ, ಆನ್‌ಲೈನ್ ಮಾರಾಟ ಮಗನ ಹೆಸರಲ್ಲಿ ಹಂಚಿಹೋಗುವುದುಂಟು. ವ್ಯಾಪಾರ ಯಾರದೆಂದು ಮನೆಯಲ್ಲಿ ಕೂತು ತೀರ್ಮಾನಿಸಿ, ಪ್ಯಾನ್, ಖಾತೆ, ಸಾಲ, ನೋಂದಣಿ ಎಲ್ಲವೂ ಅವರ ಹೆಸರಿನಲ್ಲೇ ಇರುವಂತೆ ನೋಡಿಕೊಳ್ಳಿ. ತಿಗರಿ ತಿರುಗಿಸುವವರ ಹೆಸರೇ ಇರಬೇಕೆಂದಿಲ್ಲ. ಮಾರಾಟ, ಲೆಕ್ಕ ನಡೆಸುವ ಹೆಣ್ಣುಮಕ್ಕಳ ಹೆಸರಿನಲ್ಲೂ ವ್ಯಾಪಾರ ಇರಬಹುದು.

ಪುಸ್ತಕ ದೊಡ್ಡದಾಗಿರಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಪ್ರತಿ ಸಂಜೆ ಹೀಗೆ ಬರೆಯಿರಿ:

• ನಗದು ಮಾರಾಟ ಎಷ್ಟು, ಯುಪಿಐ ಅಥವಾ ಬ್ಯಾಂಕ್ ಮೂಲಕ ಬಂದದ್ದು ಎಷ್ಟು
• ಮಾರಿದ್ದು ಏನು: ಮಡಕೆ, ಹಣತೆ, ಮಣ್ಣಿನ ಮೂರ್ತಿ ಒಂದು ಕಡೆ, ತಟ್ಟೆ, ಲೋಟ, ಅಲಂಕಾರಿಕ ವಸ್ತು ಇನ್ನೊಂದು ಕಡೆ, ತರಬೇತಿ ಶುಲ್ಕ ಮೂರನೆಯ ಕಡೆ
• ಖರ್ಚು: ಮಣ್ಣಿನ ಲೋಡು, ಸೌದೆ, ಬಣ್ಣ, ಕೂಲಿ, ಗಾಡಿ ಬಾಡಿಗೆ, ಮಳಿಗೆ ಬಾಡಿಗೆ, ಕರೆಂಟ್ ಬಿಲ್
• ಆವಿಗೆಯಲ್ಲಿ ಒಡೆದುಹೋದ ಮಾಲು
• ಗಣಪತಿಗೆ, ಮದುವೆಗೆ ಪಡೆದ ಮುಂಗಡ, ಕೊಟ್ಟವರ ಹೆಸರಿನೊಂದಿಗೆ

ಮಾರ್ಚ್ 31ರ ಸಂಜೆ ಇನ್ನೊಂದು ಕೆಲಸ ಮಾಡಿ. ಮಾರಾಟವಾಗದೆ ಉಳಿದ ಮಡಕೆ, ಮೂರ್ತಿ, ಹಸಿ ಮಾಲು, ಮಣ್ಣು, ಸೌದೆಗಳನ್ನು ಎಣಿಸಿ ಬೆಲೆ ಸಮೇತ ಬರೆದಿಡಿ. ಮಾಡಲು ತಗುಲಿದ ಖರ್ಚು, ಮಾರುಕಟ್ಟೆ ಬೆಲೆ, ಈ ಎರಡರಲ್ಲಿ ಕಡಿಮೆ ಇರುವುದೇ ದಾಸ್ತಾನಿನ ಬೆಲೆ. ಕೈಯಲ್ಲಿರುವ ನಗದು, ಅಂಗಡಿಗಳಿಂದ ಬರಬೇಕಾದ ಬಾಕಿ, ಸೌದೆಯವರಿಗೆ ಕೊಡಬೇಕಾದ ಬಾಕಿ ಕೂಡ ಅಂದೇ ಬರೆಯಬೇಕು. ರಿಟರ್ನ್‌ನಲ್ಲಿ ಈ ನಾಲ್ಕೂ ಅಂಕಿಗಳನ್ನು ಕೇಳುತ್ತಾರೆ.

ಶೇ 8, ಶೇ 6: ಅಂದಾಜು ಲಾಭದ ದಾರಿ

ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಂ ಸುಲಭದ ದಾರಿ ಕೊಟ್ಟಿದೆ. ವರ್ಷದ ವಹಿವಾಟು ₹2 ಕೋಟಿಯೊಳಗಿದ್ದರೆ ಖರ್ಚಿನ ಒಂದೊಂದೂ ಚೀಟಿ ಕೂಡಿಡದೆ, ವಹಿವಾಟಿನ ಇಂತಿಷ್ಟು ಭಾಗವನ್ನು ಲಾಭವೆಂದು ತೋರಿಸಬಹುದು. ನಗದಾಗಿ ಬಂದದ್ದಕ್ಕೆ ಕನಿಷ್ಠ ಶೇ 8, ಬ್ಯಾಂಕ್ ಅಥವಾ ಡಿಜಿಟಲ್ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ 6.

ಒಂದು ಕಲ್ಪಿತ ಲೆಕ್ಕ: ಒಬ್ಬರ ವರ್ಷದ ಮಾರಾಟ ₹14 ಲಕ್ಷ. ನಗದು ₹6 ಲಕ್ಷ, ಯುಪಿಐ ₹8 ಲಕ್ಷ. ನಗದಿನ ಶೇ 8 ಎಂದರೆ ₹48,000. ಯುಪಿಐ ಹಣದ ಶೇ 6 ಕೂಡ ₹48,000. ಕಾನೂನು ಕೇಳುವ ಕನಿಷ್ಠ ಲಾಭ ₹96,000. ನಗದಿಗಿಂತ ₹2 ಲಕ್ಷ ಹೆಚ್ಚು ಮಾರಾಟವಾಗಿದ್ದರೂ ಯುಪಿಐ ಕಡೆಯ ಲಾಭ ಅಷ್ಟೇ ನಿಂತಿತು. ಕ್ಯೂಆರ್ ಕೋಡಿನ ರಿಯಾಯಿತಿ ಎಂದದ್ದು ಇದನ್ನೇ.

ಇಲ್ಲಿ ಹೆಚ್ಚಿನವರು ತಪ್ಪು ತಿಳಿಯುವ ಸಂಗತಿಯೊಂದಿದೆ. ಶೇ 8 ಮತ್ತು ಶೇ 6 ಕನಿಷ್ಠ ಮಿತಿ. ನಿಜವಾಗಿ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಆ ಹೆಚ್ಚಿನ ಮೊತ್ತವನ್ನೇ ತೋರಿಸಬೇಕು. ಮಣ್ಣಿನ ಕೆಲಸದಲ್ಲಿ ಬೆಲೆಯ ದೊಡ್ಡ ಪಾಲು ಕೈಗೆಲಸದ್ದು. ನಿಮ್ಮ ಸ್ವಂತ ದುಡಿಮೆಗೆ ಖರ್ಚಿನ ಲೆಕ್ಕದಲ್ಲಿ ಕೂಲಿ ಬರೆಯುವಂತಿಲ್ಲ, ಅದು ಲಾಭವೇ. ಆದ್ದರಿಂದ ನಿಜವಾದ ಲಾಭ ಶೇ 8ನ್ನು ಬಹಳಷ್ಟು ದಾಟಿರುತ್ತದೆ. ಮೇಲಿನ ಉದಾಹರಣೆಯವರು ಮಣ್ಣು, ಸೌದೆ, ಕೂಲಿ, ಬಾಡಿಗೆ ಕಳೆದು ₹6 ಲಕ್ಷ ಉಳಿಸಿದ್ದರೆ ₹6 ಲಕ್ಷವನ್ನೇ ತೋರಿಸಲಿ.

ಹಾಗೆ ತೋರಿಸಿದರೆ ತೆರಿಗೆ ಎಷ್ಟು? 2025–26ರ ಆದಾಯಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಮೊದಲ ₹4 ಲಕ್ಷಕ್ಕೆ ತೆರಿಗೆ ಇಲ್ಲ. ₹4ರಿಂದ 8 ಲಕ್ಷದವರೆಗೆ ಶೇ 5, ₹8ರಿಂದ 12 ಲಕ್ಷದವರೆಗೆ ಶೇ 10. ₹6 ಲಕ್ಷದ ಮೇಲೆ ಬರುವ ತೆರಿಗೆ ₹10,000. ಆದರೆ ಒಟ್ಟು ಆದಾಯ ₹12 ಲಕ್ಷ ದಾಟದಿದ್ದರೆ 87ಎ ಕಲಂ ಪ್ರಕಾರ ₹60,000ದವರೆಗಿನ ತೆರಿಗೆ ಮನ್ನಾ. ಕಟ್ಟಬೇಕಾದದ್ದು ಸೊನ್ನೆ. ನಿಜ ಹೇಳಿದರೆ ಒಂದು ರೂಪಾಯಿಯೂ ಹೆಚ್ಚು ಹೋಗುವುದಿಲ್ಲ ಎಂದಾದ ಮೇಲೆ ಆದಾಯವನ್ನು ಕುಗ್ಗಿಸಿ ತೋರಿಸುವುದರಲ್ಲಿ ಅರ್ಥವಿಲ್ಲ. ನಾಳೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ನೋಡುವುದು ಈ ಅಂಕಿಯನ್ನೇ.

ಸಂಬಳದಾರರಿಗೆ ಸಿಗುವ ₹75,000 ಪ್ರಮಾಣಿತ ಕಡಿತ ಸ್ವಂತ ಉದ್ಯೋಗಿಗಳಿಗೆ ಇಲ್ಲ ಎಂಬುದು ನೆನಪಿರಲಿ. ಎಲ್‌ಐಸಿ ಕಂತು, ಮಕ್ಕಳ ಶಾಲಾ ಶುಲ್ಕ ತೋರಿಸಿ ಹಳೆಯ ಪದ್ಧತಿಯಲ್ಲೇ ಇರಬೇಕೆಂದರೆ ವ್ಯಾಪಾರದ ಆದಾಯ ಇರುವವರು 10–ಐಇಎ ನಮೂನೆ ಸಲ್ಲಿಸಬೇಕು. ₹12 ಲಕ್ಷದೊಳಗಿನ ಆದಾಯಕ್ಕೆ ಹೊಸ ಪದ್ಧತಿಯಲ್ಲೇ ತೆರಿಗೆ ಸೊನ್ನೆಯಾಗುವುದರಿಂದ ಆ ಗೋಜು ಬೇಕಿಲ್ಲ.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಅನ್ವಯಿಸುತ್ತದೆ. 44ಎಡಿಯ ಅಂದಾಜು ಲಾಭದ ದಾರಿ ಅದರಲ್ಲಿ 58ನೇ ಕಲಮಿನಲ್ಲಿದೆ. 2025–26ರ ಆದಾಯದ ರಿಟರ್ನ್ ಮಾತ್ರ 1961ರ ಹಳೆಯ ಕಾಯ್ದೆಯ ಪ್ರಕಾರವೇ.

ತೆರಿಗೆ ಇಲ್ಲದಿದ್ದರೂ ರಿಟರ್ನ್ ಯಾರು ಸಲ್ಲಿಸಬೇಕು?

ತೆರಿಗೆ ಸೊನ್ನೆ ಎಂದ ಮಾತ್ರಕ್ಕೆ ರಿಟರ್ನ್ ಬೇಡವೆಂದಲ್ಲ. ₹6 ಲಕ್ಷ ಆದಾಯದವರಿಗೆ ತೆರಿಗೆ ಇಲ್ಲ, ಆದರೆ ಆದಾಯ ₹4 ಲಕ್ಷ ದಾಟಿರುವುದರಿಂದ ರಿಟರ್ನ್ ಸಲ್ಲಿಸಲೇಬೇಕು. ಆದಾಯ ಅದಕ್ಕಿಂತ ಕಡಿಮೆಯಿದ್ದರೂ ಈ ಸಂದರ್ಭಗಳಲ್ಲಿ ರಿಟರ್ನ್ ಕಡ್ಡಾಯ:

• ವ್ಯಾಪಾರದ ವಹಿವಾಟು ₹60 ಲಕ್ಷ ದಾಟಿದಾಗ
• ಹಣ ಕೊಡುವವರು ಮುರಿದುಕೊಳ್ಳುವ ತೆರಿಗೆ (ಟಿಡಿಎಸ್), ಮಾರುವವರು ವಸೂಲಿ ಮಾಡುವ ತೆರಿಗೆ (ಟಿಸಿಎಸ್) ಸೇರಿ ₹25,000 ಅಥವಾ ಹೆಚ್ಚು ಕಡಿತವಾಗಿದ್ದಾಗ (ಹಿರಿಯ ನಾಗರಿಕರಿಗೆ ₹50,000)
• ವರ್ಷದ ವಿದ್ಯುತ್ ಬಿಲ್ ₹1 ಲಕ್ಷ ದಾಟಿದಾಗ. ವಿದ್ಯುತ್ ಗೂಡು ಇಟ್ಟುಕೊಂಡವರು ಸೆಸ್ಕ್ ಬಿಲ್ಲುಗಳನ್ನು ಕೂಡಿ ನೋಡಲಿ
• ವಿದೇಶ ಪ್ರಯಾಣಕ್ಕೆ ₹2 ಲಕ್ಷಕ್ಕಿಂತ ಹೆಚ್ಚು ಖರ್ಚಾದಾಗ. ಹೊರದೇಶದ ಮೇಳಗಳಿಗೆ ಹೋಗಿಬರುವವರು ಗಮನಿಸಬೇಕು

ಅಂದಾಜು ಲಾಭದ ದಾರಿಯವರಿಗೆ ಐಟಿಆರ್–4 ಅಥವಾ ‘ಸುಗಮ್’ ನಮೂನೆ. ಅದನ್ನು ಪೋರ್ಟಲ್‌ನಲ್ಲಿ ಉಚಿತವಾಗಿ ಸಲ್ಲಿಸಬಹುದು. ಸಲ್ಲಿಸಿ 30 ದಿನಗಳೊಳಗೆ ಆಧಾರ್ ಒಟಿಪಿ ಮೂಲಕ ದೃಢೀಕರಿಸದಿದ್ದರೆ ರಿಟರ್ನ್‌ಗೆ ಬೆಲೆಯಿಲ್ಲ. ಗಡುವು ಮೀರಿದರೆ ₹5,000 ಶುಲ್ಕ. ಆದಾಯ ₹5 ಲಕ್ಷದೊಳಗಿದ್ದರೆ ₹1,000.

ಖರ್ಚು ತೋರಿಸುವ ಇನ್ನೊಂದು ದಾರಿ

ಮಳೆಯಲ್ಲಿ ಮೂರ್ತಿಗಳು ಕರಗಿಯೋ, ಆವಿಗೆ ಕೈಕೊಟ್ಟೋ ನಷ್ಟವಾದ ವರ್ಷ ಲಾಭ ಶೇ 6ಕ್ಕಿಂತಲೂ ಕಡಿಮೆ ಇರಬಹುದು. ಆಗ ಪೂರ್ತಿ ಲೆಕ್ಕಪುಸ್ತಕ ಇಟ್ಟು ಐಟಿಆರ್–3 ಸಲ್ಲಿಸುವ ದಾರಿಯಿದೆ. ಇದರಲ್ಲಿ ಗಮನಿಸಬೇಕಾದವು ಮೂರು. ಒಂದು, ಒಬ್ಬರಿಗೆ ಒಂದು ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ. ಸೌದೆ, ಮಣ್ಣಿನ ಲೋಡಿನ ಹಣ ಬ್ಯಾಂಕ್ ಮೂಲಕವೇ ಹೋಗಲಿ. ಎರಡು, ವಿದ್ಯುತ್ ತಿಗರಿಯಂಥ ಯಂತ್ರದ ಪೂರ್ತಿ ಬೆಲೆಯನ್ನು ಒಂದೇ ವರ್ಷ ಕಳೆಯುವಂತಿಲ್ಲ. ವರ್ಷಕ್ಕೆ ಶೇ 15 ಸವಕಳಿ. ₹20,000ದ ತಿಗರಿಗೆ ಮೊದಲ ವರ್ಷ ₹3,000, ಅದೂ 180 ದಿನವಾದರೂ ಬಳಸಿದ್ದರೆ. ಮೂರು, ಸಾಲದ ಬಡ್ಡಿ ಖರ್ಚಾಗುತ್ತದೆ, ಅಸಲಿನ ಕಂತು ಆಗುವುದಿಲ್ಲ.

ಒಮ್ಮೆ 44ಎಡಿಯಲ್ಲಿದ್ದು ನಡುವೆ ಹೊರಬಿದ್ದರೆ ಮುಂದಿನ ಐದು ವರ್ಷ ಅದಕ್ಕೆ ಮರಳುವಂತಿಲ್ಲ. ಆ ವರ್ಷಗಳಲ್ಲಿ ಆದಾಯ ತೆರಿಗೆಯ ಮಿತಿ ದಾಟಿದರೆ ಲೆಕ್ಕ ತಪಾಸಣೆಯೂ ಕಡ್ಡಾಯ. ಒಂದು ವರ್ಷದ ನಷ್ಟಕ್ಕೆ ಆತುರಪಟ್ಟು ದಾರಿ ಬದಲಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಿ.

ಜಿಎಸ್‌ಟಿ: ಯಾವುದಕ್ಕೆ ಇದೆ, ಯಾವುದಕ್ಕೆ ಇಲ್ಲ

ಮಣ್ಣಿನ ಮಡಕೆ, ಮಣ್ಣಿನ ದೀಪಗಳಿಗೆ ಜಿಎಸ್‌ಟಿ ಇಲ್ಲ. 2017ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ಮಣ್ಣಿನ ಮೂರ್ತಿಗಳ ಮೇಲಿನ ಶೇ 28 ತೆರಿಗೆಯನ್ನೂ ತೆಗೆದುಹಾಕಿತು. ಇವನ್ನು ಮಾತ್ರ ಮಾರುವವರು ವಹಿವಾಟು ಎಷ್ಟೇ ಇರಲಿ ನೋಂದಣಿ ಮಾಡಿಸಬೇಕಿಲ್ಲ. ಟೆರಾಕೋಟ ತಟ್ಟೆ, ಲೋಟ, ಅಡುಗೆ ಪಾತ್ರೆ, ಅಲಂಕಾರಿಕ ವಸ್ತುಗಳಿಗೆ ಮೊದಲು ಶೇ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ.

ತೆರಿಗೆ ಇರುವ ಸರಕು ಸ್ವಲ್ಪವೇ ಮಾರಿದರೂ, ನೋಂದಣಿಯ ಮಿತಿ ಲೆಕ್ಕ ಹಾಕುವಾಗ ತೆರಿಗೆ ಇಲ್ಲದ ಮಡಕೆ, ಹಣತೆಯ ಮಾರಾಟವೂ ಸೇರುತ್ತದೆ. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ಮಿತಿ ವರ್ಷಕ್ಕೆ ₹40 ಲಕ್ಷ. ಆದರೆ ಶಾಲೆ, ರೆಸಾರ್ಟ್‌ಗಳಲ್ಲಿ ಶುಲ್ಕ ಪಡೆದು ಮಡಕೆ ಮಾಡುವ ತರಬೇತಿ ಕೊಡುತ್ತಿದ್ದರೆ ಅದು ಸೇವೆ. ಆಗ ಒಟ್ಟು ಮಿತಿ ₹20 ಲಕ್ಷಕ್ಕೆ ಇಳಿಯುತ್ತದೆ. ವಾರಾಂತ್ಯದ ತರಗತಿ ಶುರುಮಾಡುವ ಯುವ ಕುಶಲಕರ್ಮಿಗಳು ಇದನ್ನು ಗಟ್ಟಿಯಾಗಿ ನೆನಪಿಡಬೇಕು.

ಹೆಬ್ಬಾಳಿನ ಜೆಎಸ್‌ಎಸ್ ಅರ್ಬನ್ ಹಾತ್, ದಸರಾ ವಸ್ತುಪ್ರದರ್ಶನದಲ್ಲಿ ಮಾರುವುದು ರಾಜ್ಯದೊಳಗಿನ ವ್ಯಾಪಾರ. ದೆಹಲಿ, ಚೆನ್ನೈ ಮೇಳಗಳಿಗೆ ಅಲಂಕಾರಿಕ ವಸ್ತು ಒಯ್ದರೆ ಅಂತರರಾಜ್ಯ ವ್ಯಾಪಾರ. ಸಾಮಾನ್ಯವಾಗಿ ಅದಕ್ಕೆ ನೋಂದಣಿ ಬೇಕು. ಕರಕುಶಲ ವಸ್ತುಗಳಿಗೆ ಮಾತ್ರ ₹20 ಲಕ್ಷ ವಹಿವಾಟಿನವರೆಗೆ ವಿನಾಯಿತಿ ಇದೆ. ಪ್ಯಾನ್ ಇರಬೇಕು, ಸರಕಿನ ಬೆಲೆ ಎಷ್ಟೇ ಕಡಿಮೆಯಿದ್ದರೂ ಇ–ವೇ ಬಿಲ್ ತೆಗೆಯಬೇಕು. ಆನ್‌ಲೈನ್ ಮಾರುಕಟ್ಟೆಗಳಲ್ಲಿ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣ ವ್ಯಾಪಾರಿಗಳಿಗೆ 2023ರ ಅಕ್ಟೋಬರ್ 1ರಿಂದ ಪೂರ್ಣ ನೋಂದಣಿ ಬೇಕಿಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ದಾಖಲಾತಿ ಸಂಖ್ಯೆ ಪಡೆದರೆ ಸಾಕು.

ಮಿತಿ ದಾಟಿದವರಿಗೆ ‘ಶೇ 1 ಕಟ್ಟಿ ನಿಶ್ಚಿಂತೆಯಾಗಿರಿ’ ಎಂದು ಕಾಂಪೊಸಿಷನ್ ಯೋಜನೆ ಸೂಚಿಸುವವರಿದ್ದಾರೆ. ತಯಾರಕರಿಗೆ ಈ ಶೇ 1 ಒಟ್ಟು ವಹಿವಾಟಿನ ಮೇಲೆ ಬೀಳುತ್ತದೆ. ತೆರಿಗೆಯೇ ಇಲ್ಲದ ಮಡಕೆಯ ಮಾರಾಟಕ್ಕೂ ಕಟ್ಟಬೇಕಾಗುತ್ತದೆ. ಹೊರರಾಜ್ಯಕ್ಕೆ ಮಾರುವಂತೆಯೂ ಇಲ್ಲ. ಎರಡೂ ರೀತಿಯಲ್ಲಿ ಲೆಕ್ಕ ಹಾಕಿ ನೋಡಿದ ಮೇಲೆಯೇ ಆರಿಸಿ.

ಕಡಿತವಾದ ಹಣ ವಾಪಸು ಪಡೆಯಿರಿ

ತರಬೇತಿ, ಪ್ರಾತ್ಯಕ್ಷಿಕೆಗೆ ಕರೆದ ಸಂಸ್ಥೆಗಳು ಶುಲ್ಕದಲ್ಲಿ ಟಿಡಿಎಸ್ ಮುರಿದುಕೊಂಡು ಕೊಡುವುದುಂಟು. ಪ್ಯಾನ್ ಕೊಡದಿದ್ದರೆ ಈ ಕಡಿತ ಶೇ 20ಕ್ಕೆ ಏರುತ್ತದೆ. ಮುರಿದ ಹಣ ನಿಮ್ಮ ಹೆಸರಿನಲ್ಲಿ ಜಮೆಯಾಗಿದೆಯೇ ಎಂಬುದನ್ನು ಪೋರ್ಟಲ್‌ನ 26ಎಎಸ್ ಮತ್ತು ಎಐಎಸ್ ಪಟ್ಟಿಗಳಲ್ಲಿ ನೋಡಬಹುದು. ನಿಮ್ಮ ತೆರಿಗೆ ಸೊನ್ನೆಯಾದರೆ ಅದು ಪೂರ್ತಿ ನಿಮ್ಮದೇ, ಆದರೆ ರಿಟರ್ನ್ ಸಲ್ಲಿಸದೆ ಬರುವುದಿಲ್ಲ. ಎಐಎಸ್‌ನಲ್ಲಿ ನಿಮ್ಮದಲ್ಲದ ವ್ಯವಹಾರ ಕಂಡರೆ ಅಲ್ಲೇ ಆಕ್ಷೇಪ ದಾಖಲಿಸಿ.

ಲೆಕ್ಕದಿಂದ ಸಿಗುವ ಬಲ

ಸಣ್ಣ ಉದ್ಯಮಗಳಿಗಾಗಿ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ. ಹಣ ಕೇಳುವ ಖಾಸಗಿ ಜಾಲತಾಣಗಳಿಗೆ ಮರುಳಾಗಬೇಡಿ. ಈ ನೋಂದಣಿ ಇರುವ ತಯಾರಕರಿಂದ ಮಾಲು ಕೊಂಡವರು, ಲಿಖಿತ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡಮಾಡಿದರೆ ಬಡ್ಡಿ ಕೇಳುವ ಹಕ್ಕು ನಿಮಗಿದೆ. ಬಿಲ್ಲಿನಲ್ಲಿ ಉದ್ಯಮ್ ಸಂಖ್ಯೆ ಬರೆಯುವುದನ್ನು ರೂಢಿ ಮಾಡಿಕೊಳ್ಳಿ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ ₹500 ಭತ್ಯೆ, ಸಲಕರಣೆಗೆ ₹15,000, ಶೇ 5 ಬಡ್ಡಿಯಲ್ಲಿ ಮೊದಲು ₹1 ಲಕ್ಷ, ಅದನ್ನು ತೀರಿಸಿದ ಮೇಲೆ ₹2 ಲಕ್ಷದವರೆಗೆ ಸಾಲ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಡಿಜಿಟಲ್ ವ್ಯವಹಾರಕ್ಕೆ ತಲಾ ₹1ರಂತೆ ತಿಂಗಳಿಗೆ ನೂರು ವ್ಯವಹಾರಗಳವರೆಗೆ ಪ್ರೋತ್ಸಾಹಧನವೂ ಇದೆ. ಮುಂದೆ ಮುದ್ರಾದಂಥ ದೊಡ್ಡ ಸಾಲಕ್ಕೆ ಹೋದಾಗ ಎರಡು ಮೂರು ವರ್ಷಗಳ ರಿಟರ್ನ್ ಕೈಯಲ್ಲಿದ್ದರೆ ಮಾತು ಸುಲಭ.

ಆವಿಗೆ ಮನೆಯ ತೆರಿಗೆ ಪಂಚಾಂಗ

ಏಪ್ರಿಲ್: ಹೊಸ ಪುಸ್ತಕ ಶುರು ಮಾಡಿ. ಹಿಂದಿನ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ.

ಮೇ: ಪುಸ್ತಕ, ಬ್ಯಾಂಕ್ ಲೆಕ್ಕ ತಾಳೆ ನೋಡಿ. ವ್ಯಾಪಾರವಲ್ಲದ ಜಮೆಗಳನ್ನು ಗುರುತು ಹಾಕಿ.

ಜೂನ್ ನಡುಭಾಗ: ಈ ಹೊತ್ತಿಗೆ ಟಿಡಿಎಸ್ ವಿವರ ಪೋರ್ಟಲ್‌ಗೆ ಬಂದಿರುತ್ತದೆ. 26ಎಎಸ್, ಎಐಎಸ್ ನೋಡಿ ರಿಟರ್ನ್ ಸಲ್ಲಿಸಿ. ಹಿಂದೆ ರೂಢಿಯ ಗಡುವು ಜುಲೈ 31 ಇತ್ತು. 2025ರಲ್ಲಿ ಅದು ಸೆಪ್ಟೆಂಬರ್ 16ರವರೆಗೆ ಮುಂದೆ ಹೋಗಿತ್ತು. ಆಯಾ ವರ್ಷದ ದಿನಾಂಕವನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳಿ. ಗಡುವು ಎಂದೇ ಇರಲಿ, ಗಣಪತಿ ಕೆಲಸ ಏರುವ ಮೊದಲೇ ಮುಗಿಸುವುದು ಕ್ಷೇಮ.

ಡಿಸೆಂಬರ್ 31: ಗಡುವು ತಪ್ಪಿದವರಿಗೆ ಶುಲ್ಕ ಕಟ್ಟಿ ಸಲ್ಲಿಸಲು ಕೊನೆಯ ದಿನ.

ಮಾರ್ಚ್ 15: ವರ್ಷದ ತೆರಿಗೆ ₹10,000 ಅಥವಾ ಹೆಚ್ಚಾಗುವುದಾದರೆ ಅಂದಾಜು ಲಾಭದ ದಾರಿಯವರು ಮುಂಗಡ ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟಬೇಕು.

ಮಾರ್ಚ್ 31: ದಾಸ್ತಾನು, ನಗದು, ಬಾಕಿ ಬರೆದಿಡಿ.

ಬೇರೆಯವರ ಕೈಲಿ ರಿಟರ್ನ್ ಹಾಕಿಸಿದರೂ ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್ ಸಂಖ್ಯೆ ಇರಲಿ, ಪಾಸ್‌ವರ್ಡ್ ನಿಮಗೆ ಗೊತ್ತಿರಲಿ, ಸಲ್ಲಿಸುವ ಮೊದಲು ಅಂಕಿಗಳನ್ನು ಓದಿಸಿಕೊಳ್ಳಿ. ‘ದೊಡ್ಡ ರಿಫಂಡ್ ತಂದುಕೊಡುತ್ತೇನೆ’ ಎಂದು ಇಲ್ಲದ ಕಡಿತ ಬರೆಯುವವರಿಂದ ದೂರವಿರಿ. ಸುಳ್ಳು ವಿವರಕ್ಕೆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು, ಅದನ್ನು ಕಟ್ಟಬೇಕಾದವರು ನೀವೇ.

ಈ ಕೆಲಸವನ್ನು ಒಬ್ಬೊಬ್ಬರೇ ಮಾಡುವುದಕ್ಕಿಂತ ಬೀದಿಯವರೆಲ್ಲ ಕೂಡಿ ಮಾಡಿದರೆ ಹಗುರ. ಮೇ ತಿಂಗಳ ಒಂದು ಭಾನುವಾರ ನಾಲ್ಕಾರು ಮನೆಯವರು ಪುಸ್ತಕ ಹಿಡಿದು ಒಂದೆಡೆ ಸೇರಿ. ಕಾಮರ್ಸ್ ಓದುವ ಮಕ್ಕಳಿದ್ದರೆ ಕೂಡಿಸುವ ಕಳೆಯುವ ಲೆಕ್ಕ ಅವರಿಗೆ ವಹಿಸಿ. ಬಗೆಹರಿಯದ ಪ್ರಶ್ನೆಗಳನ್ನು ಪಟ್ಟಿ ಮಾಡಿಕೊಂಡು ಎಲ್ಲರೂ ಒಬ್ಬರೇ ತೆರಿಗೆ ಸಲಹೆಗಾರರ ಬಳಿ ಹೋಗಿ, ಶುಲ್ಕ ಹಂಚಿಕೊಳ್ಳಿ. ಅಕ್ಷರ ಬಾರದ ಹಿರಿಯರ ಪುಸ್ತಕವನ್ನು ಪಕ್ಕದ ಮನೆಯವರು ಬರೆದುಕೊಡಲಿ. ಒಂದು ಬೀದಿಯ ಕುಶಲಕರ್ಮಿಗಳೆಲ್ಲರ ಕೈಯಲ್ಲೂ ಮೂರು ವರ್ಷದ ಸರಿಯಾದ ಲೆಕ್ಕವಿದ್ದರೆ ನೋಟಿಸಿಗೆ ಹೆದರಬೇಕಿಲ್ಲ, ಬ್ಯಾಂಕಿನ ಮುಂದೆ ಕೈಕಟ್ಟಿ ನಿಲ್ಲಬೇಕಿಲ್ಲ. ಮುಂದಿನ ಏಪ್ರಿಲ್‌ವರೆಗೂ ಕಾಯದೆ, ಇಂದಿನ ಮಾರಾಟದಿಂದಲೇ ಬರೆಯಲು ಶುರು ಮಾಡಿ.